ಯೀಸ್ಟ್ ಮೆಲಟೋನಿನ್ ಮಾಡೋದು ಹೇಗೆ, ಯಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೇಲಿ ನಿದ್ದೆ ಬಗ್ಗೆ ಬಂದ ಪ್ರಶ್ನೆಗೆ ಉತ್ತರ ಬರೀವಾಗ "ಮೆಲಟೋನಿನ್ ಅನ್ನೋದು ಬರೀ ಮಿದುಳಿನ ಸ್ವತ್ತಲ್ಲ, ಯೀಸ್ಟ್ ಕೂಡ ಅದನ್ನ ಮಾಡ್ಕೊಳ್ಳುತ್ತೆ" ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿನ ಮೇಲೇ ರಾಶಿ ಪ್ರಶ್ನೆ ಬಂದಿವೆ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರ್ಲಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ.

ಪ್ರಶ್ನೆ: ಮೆಲಟೋನಿನ್ ನಿದ್ದೆ ಹಾರ್ಮೋನ್ ಅಂತ ಎಲ್ಲಾ ಕಡೆ ಬರೀತಾರೆ. ಯೀಸ್ಟ್‌ಗೆ ಮಿದುಳಿಲ್ಲ, ಕಣ್ಣಿಲ್ಲ, ನಿದ್ದೆ ಅಂತೂ ಇಲ್ವೇ ಇಲ್ಲ. ಅದು ಮಾಡೋದು ನಿಜವಾಗ್ಲೂ ಅದೇ ವಸ್ತುನಾ ಸರ್, ಇಲ್ಲಾ ಹಂಗೇ ಕಾಣೋ ಬೇರೆ ಏನಾದ್ರೂನಾ?

ಅದೇ ವಸ್ತು. ಒಂದು ಅಣುವಿನಷ್ಟೂ ವ್ಯತ್ಯಾಸ ಇಲ್ಲ, ನಮ್ಮ ಮಿದುಳಲ್ಲಿರೋ ಪೀನಿಯಲ್ ಗ್ರಂಥೀಲಿ ರಾತ್ರಿ ಹೊತ್ತು ತಯಾರಾಗೋ ಮೆಲಟೋನಿನ್‌ಗೂ ಯೀಸ್ಟ್ ಕೋಶದೊಳಗಿನ ಮೆಲಟೋನಿನ್‌ಗೂ ರಚನೆ ಒಂದೇ.

ನಮಗೆ ಆಶ್ಚರ್ಯ ಆಗೋದಕ್ಕೆ ಕಾರಣ ಅದು ಪತ್ತೆಯಾದ ಕ್ರಮ, ಅಷ್ಟೇ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಅವರ ಜೊತೆಗಾರರು ಹಸುಗಳ ಪೀನಿಯಲ್ ಗ್ರಂಥಿಗಳಿಂದ ಇದನ್ನ ಬೇರ್ಪಡಿಸಿದ್ರು, ಅವರು ಹುಡುಕ್ತಿದ್ದದ್ದು ನಿದ್ದೆಯ ವಸ್ತು ಅಲ್ಲ, ಕಪ್ಪೆ ಚರ್ಮದ ಬಣ್ಣ ತಿಳಿಯಾಗಿಸೋ ವಸ್ತು. ಆಮೇಲೆ ಮೂರು ದಶಕ ಎಲ್ಲರೂ ಇದನ್ನ ಬೆನ್ನೆಲುಬಿರೋ ಪ್ರಾಣಿಗಳ ಹಾರ್ಮೋನ್ ಅಂತಲೇ ನೋಡ್ಕೊಂಡು ಬಂದ್ರು. 1991ರಲ್ಲಿ ಜರ್ಮನಿಯ ಗ್ಯೋಟಿಂಗೆನ್‌ನಲ್ಲಿದ್ದ ರ್‍ಯೂಡಿಗರ್ ಹಾರ್ಡೆಲಾಂಡ್ ಅವರ ತಂಡ ಸಮುದ್ರದ ಒಂದು ಏಕಕೋಶ ಜೀವಿ, ಆಗ ಗೋನಿಯಾಲಾಕ್ಸ್ ಅಂತ ಕರೀತಿದ್ರು, ಅದರಲ್ಲಿ ಮೆಲಟೋನಿನ್ ಇದೆ, ಅದೂ ದಿನದ ಹೊತ್ತಿಗೆ ತಕ್ಕ ಹಾಗೆ ಏರಿಳಿಯುತ್ತೆ ಅಂತ ತೋರಿಸ್ತು. 1995ರಲ್ಲಿ ಗಿಡಗಳಲ್ಲಿ ಸಿಕ್ತು, 1999ರಲ್ಲಿ ಇದೇ ಗ್ಯೋಟಿಂಗೆನ್ ತಂಡ ನಮ್ಮ ಬ್ರೆಡ್ ಉಬ್ಬಿಸೋ ಯೀಸ್ಟ್ ಇದೆಯಲ್ಲ, ಸ್ಯಾಕರೋಮೈಸಿಸ್ ಸೆರೆವಿಸಿಯೇ, ಅದರಲ್ಲಿ ಮೆಲಟೋನಿನ್ ಮತ್ತು ಅದರ ಬಳಗದ ಇನ್ನೂ ಕೆಲವು ವಸ್ತು ಇರೋದನ್ನ ಪ್ರಕಟಿಸ್ತು. ಬ್ಯಾಕ್ಟೀರಿಯಾಗಳಲ್ಲೂ ಇದೆ. ಹಾಗಾಗಿ ಕೆಲವು ವಿಜ್ಞಾನಿಗಳ ವಾದ ಏನಂದ್ರೆ, ಈ ವಸ್ತು ಮೊದಲು ಹುಟ್ಟಿದ್ದು ಬ್ಯಾಕ್ಟೀರಿಯಾಗಳಲ್ಲಿ, ಆಕ್ಸಿಜನ್‌ನಿಂದ ಆಗೋ ಹಾನಿ ತಡೆಯೋದಕ್ಕೆ, ರಾತ್ರಿಯ ಸುದ್ದಿ ಮುಟ್ಟಿಸೋ ಕೆಲಸ ಪ್ರಾಣಿಗಳು ಬಂದ ಮೇಲೆ ಅದಕ್ಕೆ ಸೇರ್ಕೊಂಡಿದ್ದು. ಇದು ಇನ್ನೂ ವಾದವೇ, ಆದ್ರೆ ನನಗೆ ಒಪ್ಪಿಗೆಯಾಗೋ ವಾದ.

ಪ್ರಶ್ನೆ: ಯೀಸ್ಟ್ ಕೋಶದೊಳಗೆ ಮೆಲಟೋನಿನ್ ತಯಾರಾಗೋ ಹಂತಗಳನ್ನ ಸ್ವಲ್ಪ ಬಿಡಿಸಿ ಹೇಳ್ತೀರಾ? ಪಿಯುಸಿ ಬಯಾಲಜಿ ಗೊತ್ತಿದ್ರೆ ಅರ್ಥ ಆಗೋ ಹಾಗಿರ್ಲಿ ದಯವಿಟ್ಟು.

ಖಂಡಿತ. ಇದನ್ನ ನಿಧಾನವಾಗಿ ನೋಡೋಣ, ಯಾಕಂದ್ರೆ ಇಲ್ಲಿ ಹಿಡಿತ ಸಿಕ್ಕಿದ್ರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗೇ ಸಲೀಸಾಗುತ್ತವೆ.

ಶುರು ಆಗೋದು ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಮ್ಲದಿಂದ. ನಮಗೆ ಇದು ಊಟದಲ್ಲೇ ಬರ್ಬೇಕು, ಯೀಸ್ಟ್ ಮಾತ್ರ ಸಕ್ಕರೆ ಮತ್ತು ಸಾರಜನಕ ಕೊಟ್ರೆ ತಾನೇ ಮಾಡ್ಕೊಳ್ಳುತ್ತೆ, ಹೊರಗೆ ಸಿಕ್ಕಿದ್ರೆ ಟ್ಯಾಟ್2 ಅಂತ ಒಂದು ಸಾಗಣೆ ಪ್ರೋಟೀನ್ ಇದೆ, ಅದರ ಮೂಲಕ ಒಳಗೆ ಎಳ್ಕೊಳ್ಳುತ್ತೆ. ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಮಾಡೋದಕ್ಕೆ ಅತಿ ಹೆಚ್ಚು ಖರ್ಚು ಬೀಳೋದು ಇದಕ್ಕೇ, ಪ್ರೋಟೀನ್‌ಗಳಲ್ಲಿ ಅತಿ ಕಡಿಮೆ ಬಳಕೆ ಆಗೋದೂ ಇದೇ. ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ಈಗ ಅಣುಭಾರ ಹಿಡ್ಕೊಂಡು ಲೆಕ್ಕ ಹಾಕೋಣ, ಸೂತ್ರ ಬರೆಯೋದಕ್ಕಿಂತ ಇದು ಸುಲಭ. ಟ್ರಿಪ್ಟೋಫಾನ್ ಭಾರ 204. ಅದರಿಂದ ಒಂದು ಕಾರ್ಬನ್ ಡೈಆಕ್ಸೈಡ್, ಅಂದ್ರೆ 44, ಬಿಟ್ಟು ಹೋದ್ರೆ ಉಳಿಯೋದು 160, ಅದು ಟ್ರಿಪ್ಟಮೀನ್. ಅದರ ಉಂಗುರದ ಐದನೇ ಜಾಗಕ್ಕೆ ಒಂದು ಆಕ್ಸಿಜನ್, ಅಂದ್ರೆ 16, ಸೇರಿದ್ರೆ 176, ಅದು ಸೆರೊಟೋನಿನ್, ಮನಸ್ಸಿನ ಆರೋಗ್ಯದ ಲೇಖನಗಳಲ್ಲಿ ನೀವು ಓದಿರೋ ಅದೇ ಸೆರೊಟೋನಿನ್. ಇದಕ್ಕೆ ಅಸಿಟೈಲ್ ಗುಂಪು ಅಂಟಿದ್ರೆ 42 ಜಾಸ್ತಿ, 218, ಇದು ಎನ್-ಅಸಿಟೈಲ್ ಸೆರೊಟೋನಿನ್. ಕೊನೇಗೆ ಆ ಆಕ್ಸಿಜನ್ ಮೇಲೆ ಒಂದು ಮಿಥೈಲ್ ಗುಂಪು ಕೂತ್ರೆ 14 ಜಾಸ್ತಿ, ಒಟ್ಟು 232. ಇದೇ ಮೆಲಟೋನಿನ್.

ಒಟ್ಟು ನಾಲ್ಕು ಕೆಲಸ: ಕಾರ್ಬನ್ ಡೈಆಕ್ಸೈಡ್ ತೆಗೆಯೋದು, ಆಕ್ಸಿಜನ್ ಸೇರಿಸೋದು, ಅಸಿಟೈಲ್ ಅಂಟಿಸೋದು, ಮಿಥೈಲ್ ಅಂಟಿಸೋದು. ಅಸಿಟೈಲ್ ಬರೋದು ಅಸಿಟೈಲ್ ಕೋಎಯಿಂದ, ಮಿಥೈಲ್ ಬರೋದು ಎಸ್-ಅಡಿನೋಸಿಲ್ ಮೆಥಿಯೋನಿನ್ ಅನ್ನೋ ವಸ್ತುವಿನಿಂದ, ಎರಡೂ ಯೀಸ್ಟ್ ಹತ್ರ ಧಾರಾಳವಾಗಿವೆ, ಎರಡನೇದನ್ನಂತೂ ಕಾರ್ಖಾನೆಗಳು ಯೀಸ್ಟ್ ಬೆಳೆಸಿಯೇ ತೆಗೀತಾರೆ.

ಸ್ವಾರಸ್ಯ ಇರೋದು ಈ ನಾಲ್ಕು ಕೆಲಸಗಳ ಕ್ರಮದಲ್ಲಿ. ಪ್ರಾಣಿಗಳಲ್ಲಿ ಮೊದಲು ಆಕ್ಸಿಜನ್ ಸೇರುತ್ತೆ, ಆಗ 220 ಭಾರದ 5-ಹೈಡ್ರಾಕ್ಸಿ ಟ್ರಿಪ್ಟೋಫಾನ್ ಆಗುತ್ತೆ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೋಗಿ ಸೆರೊಟೋನಿನ್. ಗಿಡಗಳಲ್ಲಿ ಹೆಚ್ಚಾಗಿ ನಾನು ಮೇಲೆ ಹೇಳಿದ ಹಾಗೆ ಟ್ರಿಪ್ಟಮೀನ್ ಮೂಲಕ. ಸೆರೊಟೋನಿನ್ ಆದ ಮೇಲೂ ಎರಡು ದಾರಿ ಇದೆ, ಮೊದಲು ಅಸಿಟೈಲ್ ಅಂಟಿ ಆಮೇಲೆ ಮಿಥೈಲ್ ಅಂಟಬಹುದು, ಇಲ್ಲಾ ಮೊದಲು ಮಿಥೈಲ್ ಅಂಟಿ 190 ಭಾರದ 5-ಮಿಥಾಕ್ಸಿ ಟ್ರಿಪ್ಟಮೀನ್ ಆಗಿ ಆಮೇಲೆ ಅಸಿಟೈಲ್ ಅಂಟಬಹುದು, 190ಕ್ಕೆ 42 ಕೂಡಿಸಿ, ಅದೇ 232. ಮುಂಬಾಗಿಲಿಂದ ಬಂದ್ರೂ ಹಿತ್ತಲಿಂದ ಬಂದ್ರೂ ಸೇರೋದು ನಡುಮನೆಗೇ. ಸ್ಪೇನ್‌ನಲ್ಲಿ ವೈನ್ ಯೀಸ್ಟ್ ಮೇಲೆ ಕೆಲಸ ಮಾಡೋ ತಂಡಗಳು ಈ ಮಧ್ಯದ ವಸ್ತುಗಳನ್ನ ಒಂದೊಂದಾಗಿ ಯೀಸ್ಟ್‌ಗೆ ಕೊಟ್ಟು, ಅದು ಯಾವುದನ್ನ ಯಾವುದಾಗಿ ಬದಲಾಯಿಸುತ್ತೆ ಅಂತ ಅಳೆದು ನೋಡಿದ್ರು, ಸೆರೊಟೋನಿನ್ ಕೊಟ್ರೂ 5-ಮಿಥಾಕ್ಸಿ ಟ್ರಿಪ್ಟಮೀನ್ ಕೊಟ್ರೂ ಮೆಲಟೋನಿನ್ ಬರುತ್ತೆ, ಅಂದ್ರೆ ಒಂದೇ ಕೋಶದಲ್ಲಿ ಒಂದಕ್ಕಿಂತ ಹೆಚ್ಚು ದಾರಿ ಒಟ್ಟಿಗೇ ನಡೀತಿರಬಹುದು ಅಂತ ಗೊತ್ತಾಯ್ತು. ಪಠ್ಯಪುಸ್ತಕದಲ್ಲಿ ಒಂದೇ ಬಾಣದ ಗುರುತು ಹಾಕಿ ತೋರಿಸೋ ದಾರಿ ಇದೆಯಲ್ಲ, ಅದು ಪ್ರಾಣಿಗಳದ್ದು, ಅದನ್ನ ಹಾಗೇ ಎತ್ತಿ ಯೀಸ್ಟ್‌ಗೆ ಅಂಟಿಸ್ಬೇಡಿ.

ಪ್ರಶ್ನೆ: ನಾನು ಬಯೋಟೆಕ್ನಾಲಜಿ ಓದ್ತಿದೀನಿ. ಯೀಸ್ಟ್ ಜೀನೋಮ್ ಪೂರ್ತಿ ಓದಿ ಮುಗಿಸಿ ಎಷ್ಟೋ ವರ್ಷ ಆಯ್ತು. ಈ ನಾಲ್ಕು ಹಂತಕ್ಕೆ ಯಾವ ಯಾವ ಜೀನ್ ಅಂತ ಪಟ್ಟಿ ಸಿಗುತ್ತಾ?

ಪೂರ್ತಿ ಪಟ್ಟಿ ಸಿಗಲ್ಲ. 1996ರಲ್ಲೇ ಜೀನೋಮ್ ಓದಿ ಆಗಿದೆ, ಸುಮಾರು 6000 ಜೀನ್ ಇವೆ, ಆದ್ರೂ ಮೆಲಟೋನಿನ್ ದಾರೀಲಿ ಕಂಡಿಗಳು ಉಳಿದಿವೆ.

ಚೆನ್ನಾಗಿ ಗೊತ್ತಿರೋದು ಅಸಿಟೈಲ್ ಅಂಟಿಸೋ ಹಂತ. ಪ್ರಾಣಿಗಳಲ್ಲಿ ಈ ಕೆಲಸ ಮಾಡೋ ಕಿಣ್ವದ ಹತ್ತಿರದ ನೆಂಟ ಯೀಸ್ಟ್‌ನಲ್ಲಿದೆ ಅಂತ 2001ರಲ್ಲಿ ತೋರಿಸಿದ್ರು, ಆ ಜೀನ್ ಹೆಸರು ಪಿಎಎ1. ಸರಿ, ಹಾಗಾದ್ರೆ ಆ ಜೀನ್ ಕಿತ್ತು ಹಾಕಿದ್ರೆ ಮೆಲಟೋನಿನ್ ನಿಲ್ಬೇಕಲ್ವಾ? ನಿಲ್ಲಲಿಲ್ಲ. ಇತ್ತೀಚೆಗೆ ಪ್ರಕಟವಾದ ಕೆಲಸದಲ್ಲಿ ಪಿಎಎ1 ಇಲ್ಲದ ಯೀಸ್ಟ್ ಕೂಡ ಅಸಿಟೈಲ್ ಅಂಟಿಸ್ತು, ಅಂದ್ರೆ ಅದೇ ಕೆಲಸ ಮಾಡಬಲ್ಲ ಬೇರೆ ಕಿಣ್ವಗಳೂ ಒಳಗಿವೆ. ಯೀಸ್ಟ್‌ನಲ್ಲಿ ಅಸಿಟೈಲ್ ಅಂಟಿಸೋ ಕಿಣ್ವಗಳು ಬಹಳ ಇವೆ, ಅವುಗಳಲ್ಲಿ ಕೆಲವು ಎದುರಿಗೆ ಬಂದ ಅಮೀನ್ (ಸೆರೊಟೋನಿನ್ ಥರದ ಸಾರಜನಕ ಇರೋ ಅಣು) ಯಾವುದು ಅಂತ ಬಹಳ ಕೆದಕಿ ನೋಡೋವಲ್ಲ.

ದೊಡ್ಡ ತೊಡಕು ಆಕ್ಸಿಜನ್ ಸೇರಿಸೋ ಹಂತದ್ದು. ಪ್ರಾಣಿಗಳಲ್ಲಿ ಈ ಕೆಲಸ ಮಾಡೋ ಟ್ರಿಪ್ಟೋಫಾನ್ ಹೈಡ್ರಾಕ್ಸಿಲೇಸ್ ಕಿಣ್ವಕ್ಕೆ ಟೆಟ್ರಾಹೈಡ್ರೋಬಯೋಪ್ಟೆರಿನ್ ಅನ್ನೋ ಸಹಾಯಕ ಅಣು ಬೇಕೇ ಬೇಕು, ಬ್ರೆಡ್ ಯೀಸ್ಟ್ ಅದನ್ನ ತಯಾರಿಸೋದೇ ಇಲ್ಲ. ಅಂದ್ಮೇಲೆ ಯೀಸ್ಟ್ ತನ್ನದೇ ಬೇರೆ ವಿಧಾನದಿಂದ ಆ ಆಕ್ಸಿಜನ್ ಕೂರಿಸ್ತಿದೆ. ನೀವು ಮುಂದೆ ಸಂಶೋಧನೆಗೆ ಹೋಗೋರಾದ್ರೆ ಈ ಹಂತ ಗಮನಿಸಿ, ಒಂದು ಒಳ್ಳೇ ಥೀಸಿಸ್‌ಗೆ ಆಗುವಷ್ಟು ಕೆಲಸ ಇಲ್ಲಿ ಕಾಯ್ತಾ ಇದೆ.

ಪ್ರಶ್ನೆ: "ಮೆಲಟೋನಿನ್ ಬಳಗದ ವಸ್ತುಗಳು" ಅಂತೀರಲ್ಲ, ಯಾವುವು ಅವು? ಎಲ್ಲವೂ ಅಷ್ಟೇ ಪ್ರಮಾಣದಲ್ಲಿ ಬರುತ್ತವಾ?

ಪ್ರಮಾಣದಲ್ಲಿ ಅಜಗಜಾಂತರ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ಯೀಸ್ಟ್ ಕೋಶದ ಒಳಗೆ ಟ್ರಿಪ್ಟೋಫಾನ್‌ಗೆ ಎಷ್ಟು ಕಡೆಯಿಂದ ಬೇಡಿಕೆ ಇದೆ ನೋಡಿ. ಪ್ರೋಟೀನ್ ಕಟ್ಟೋಕೆ ಬೇಕು. ಎನ್‌ಎಡಿ ಅನ್ನೋ ಅತ್ಯಗತ್ಯ ಸಹಕಿಣ್ವ ಮಾಡೋಕೆ ಬೇಕು, ಆ ದಾರಿಗೆ ಕೈನುರೆನಿನ್ ದಾರಿ ಅಂತಾರೆ. ಆಮೇಲೆ ಸಾರಜನಕದ ಕೊರತೆ ಇದ್ದಾಗ ಯೀಸ್ಟ್ ಅಮೈನೋ ಆಮ್ಲಗಳನ್ನೇ ಒಡೆದು ಸಾರಜನಕ ಕಿತ್ಕೊಂಡು, ಉಳಿದ ಹಂದರವನ್ನ ಆಲ್ಕೋಹಾಲ್ ರೂಪದಲ್ಲಿ ಹೊರಗೆ ಹಾಕುತ್ತೆ, ಇದನ್ನ ಫೆಲಿಕ್ಸ್ ಎರ್ಲಿಖ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ 1907ರಲ್ಲೇ ವಿವರಿಸಿದ್ದ, ಇವತ್ತಿಗೂ ಅದು ಅವನ ಹೆಸರಲ್ಲೇ ಇದೆ. ಟ್ರಿಪ್ಟೋಫಾನ್ ಈ ದಾರಿ ಹಿಡಿದ್ರೆ ಟ್ರಿಪ್ಟೋಫಾಲ್ ಆಗುತ್ತೆ.

ಈ ಟ್ರಿಪ್ಟೋಫಾಲ್ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಮೆಲಟೋನಿನ್ ಗದ್ದಲದಲ್ಲಿ ಇದನ್ನ ಯಾರೂ ಕೇಳಲ್ಲ, ಆದ್ರೆ ಯೀಸ್ಟ್ ಜೀವನದಲ್ಲಿ ಇದರ ಪಾತ್ರ ಹೆಚ್ಚು ಸ್ಪಷ್ಟ. ಬಿಯರ್, ವೈನ್‌ಗಳಲ್ಲಿ ಇದು ಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುತ್ತೆ, ಮೆಲಟೋನಿನ್ ಅದರ ಸಾವಿರದಲ್ಲೊಂದು ಪಾಲು ಸಿಕ್ಕಿದ್ರೆ ಹೆಚ್ಚು. 2006ರಲ್ಲಿ ಒಂದು ಸೊಗಸಾದ ಸಂಗತಿ ಗೊತ್ತಾಯ್ತು: ಯೀಸ್ಟ್ ಕೋಶಗಳು ಟ್ರಿಪ್ಟೋಫಾಲ್ ಮತ್ತು ಫಿನೈಲ್ ಎಥನಾಲ್ ಅನ್ನೋ ಎರಡು ಆಲ್ಕೋಹಾಲ್‌ಗಳನ್ನ ಹೊರಗೆ ಬಿಟ್ಟು, ಸುತ್ತ ಅದರ ಸಾಂದ್ರತೆ ಎಷ್ಟಾಯ್ತು ಅನ್ನೋದರ ಮೇಲೆ ಅಕ್ಕಪಕ್ಕ ಎಷ್ಟು ಜನ ಇದ್ದಾರೆ ಅಂತ ತಿಳ್ಕೊಳ್ಳುತ್ತವೆ, ಸಾರಜನಕ ಕಮ್ಮಿ ಇದ್ದು ಗುಂಪು ದೊಡ್ಡದಾಗಿದ್ರೆ ದುಂಡಗೆ ಮೊಗ್ಗೊಡೆಯೋದು ಬಿಟ್ಟು ಎಳೆ ಎಳೆಯಾಗಿ ಉದ್ದಕ್ಕೆ ಬೆಳೆಯೋಕೆ ಶುರು ಮಾಡುತ್ತವೆ. ಒಂದು ಅಮೈನೋ ಆಮ್ಲದ ಉಳಿಕೆ ಇಡೀ ಗುಂಪಿಗೆ ಸಂದೇಶ ಆಗೋದು ಅಂದ್ರೆ ನನಗೆ ಇದರಷ್ಟು ಖುಷಿ ಕೊಡೋ ಸಂಗತಿ ಈ ವಿಷಯದಲ್ಲಿ ಇನ್ನೊಂದಿಲ್ಲ.

ಇನ್ನು ಉಳಿದ ಬಳಗ: ಟ್ರಿಪ್ಟಮೀನ್, ಸೆರೊಟೋನಿನ್, ಎನ್-ಅಸಿಟೈಲ್ ಸೆರೊಟೋನಿನ್, 5-ಮಿಥಾಕ್ಸಿ ಟ್ರಿಪ್ಟಮೀನ್, ಇವು ಮೇಲೆ ಬಂದಿವೆ. ಇಂಡೋಲ್ ಅಸಿಟಿಕ್ ಆಮ್ಲ ಕೂಡ ಯೀಸ್ಟ್ ಮಾಡುತ್ತೆ, ಅದು ಗಿಡಗಳ ಬೆಳವಣಿಗೆ ಹಾರ್ಮೋನ್ ಆಕ್ಸಿನ್. ಎಲ್ಲದರಲ್ಲೂ ಇಂಡೋಲ್ ಅನ್ನೋ ಜೋಡಿ ಉಂಗುರ ಹಾಗೇ ಉಳಿದಿರುತ್ತೆ, ಅದಕ್ಕೇ ಇಡೀ ಬಳಗವನ್ನ ಇಂಡೋಲ್‌ಗಳು ಅಂತಾನೇ ಕರೀತಾರೆ.

1999ರ ಆ ಗ್ಯೋಟಿಂಗೆನ್ ಕೆಲಸದ ಮುಖ್ಯ ಅಂಶವೂ ಇಲ್ಲೇ ಬರುತ್ತೆ. ಯೀಸ್ಟ್‌ಗೆ ಟ್ರಿಪ್ಟೋಫಾನ್ ಎಷ್ಟು ಸಿಗುತ್ತೆ ಅನ್ನೋದರ ಮೇಲೆ ಮೆಲಟೋನಿನ್ ಮತ್ತು ಮಿಥಾಕ್ಸಿ ಗುಂಪಿರೋ ಇಂಡೋಲ್‌ಗಳ ಪ್ರಮಾಣ ನಿಂತಿತ್ತು. ಇಷ್ಟು ದುಬಾರಿ ಅಮೈನೋ ಆಮ್ಲ ಕೈಲಿ ಬಿಗಿ ಇದ್ದಾಗ ಪ್ರೋಟೀನ್‌ಗೇ ಹೋಗುತ್ತೆ, ಧಾರಾಳ ಇದ್ದಾಗ ಪಕ್ಕದ ದಾರಿಗಳಿಗೂ ಹರಿಯುತ್ತೆ.

ಪ್ರಶ್ನೆ: ಸರಿ, ಯೀಸ್ಟ್‌ಗೆ ಇದರಿಂದ ಏನು ಉಪಯೋಗ?

ಎರಡು ಮೂರು ಉತ್ತರ ಚಾಲ್ತಿಯಲ್ಲಿವೆ, ಬೇರೆ ಬೇರೆ ಬಲದವು.

ಮೊದಲನೇದು ರಕ್ಷಣೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಯೀಸ್ಟ್‌ಗೆ ಹೊಡೆತ ಕೊಟ್ಟಾಗ, ಮೊದಲೇ ಮೆಲಟೋನಿನ್ ಕೊಟ್ಟಿದ್ದ ಕೋಶಗಳಲ್ಲಿ ಆಕ್ಸಿಡೇಟಿವ್ ಹಾನಿ ಕಡಿಮೆ ಆಯ್ತು ಅಂತ 2017ರಲ್ಲಿ ಸ್ಪೇನ್‌ನ ತರಗೋನದ ತಂಡ ತೋರಿಸಿದೆ. ಆದ್ರೆ ಡೋಸ್ ನೋಡಿ. ಅಂಥ ಪ್ರಯೋಗದಲ್ಲಿ ಕೊಡೋದು 5 ಮೈಕ್ರೋಮೋಲಾರ್, ಅಂದ್ರೆ ಲೀಟರ್‌ಗೆ 5 ಮೈಕ್ರೋಮೋಲ್ ಆಸುಪಾಸು, 232ರಿಂದ ಗುಣಿಸಿದ್ರೆ ಒಂದು ಮಿಲಿಲೀಟರ್‌ಗೆ ಸುಮಾರು 1160 ನ್ಯಾನೋಗ್ರಾಂ ಆಗುತ್ತೆ. ಯೀಸ್ಟ್ ತಾನಾಗೇ ಮಾಡಿ ಹೊರಗೆ ಬಿಡೋದು ಸಾಮಾನ್ಯವಾಗಿ ಮಿಲಿಲೀಟರ್‌ಗೆ ಕೆಲವು ನ್ಯಾನೋಗ್ರಾಂ. ನೂರಾರು ಪಟ್ಟು ಹೆಚ್ಚು ಕೊಟ್ಟಾಗ ಕಂಡ ಗುಣವನ್ನ ನೇರವಾಗಿ "ಯೀಸ್ಟ್ ಇದಕ್ಕೋಸ್ಕರವೇ ಮಾಡ್ಕೊಳ್ಳುತ್ತೆ" ಅಂತ ಬರೆಯೋದು ಅವಸರ ಆಗುತ್ತೆ. ಕೋಶದ ಒಳಗಿನ ಸಾಂದ್ರತೆ ಹೊರಗಿಗಿಂತ ಬೇರೆ ಇರುತ್ತೆ ಅನ್ನೋದೂ ನಿಜ, ಹಾಗಾಗಿ ಈ ವಾದ ಬಿದ್ದು ಹೋಗಲ್ಲ, ಆದ್ರೆ ಗಟ್ಟಿಯಾಗೋಕೆ ಇನ್ನೂ ಕೆಲಸ ಬೇಕು.

ಎರಡನೇದು ನನಗೆ ಹೆಚ್ಚು ಕುತೂಹಲದ್ದು. ಮೆಲಟೋನಿನ್ ಯೀಸ್ಟ್‌ನೊಳಗೆ ಸಕ್ಕರೆ ಒಡೆಯೋ ದಾರಿಯ ಕೆಲವು ಕಿಣ್ವಗಳಿಗೇ ಹೋಗಿ ಅಂಟ್ಕೊಳ್ಳುತ್ತೆ ಅಂತ ಸಿಕ್ಕಿದೆ, ಗ್ಲಿಸರಾಲ್ಡಿಹೈಡ್ ಫಾಸ್ಫೇಟ್ ಡಿಹೈಡ್ರೋಜಿನೇಸ್ ಥರದವು. ಚೆನ್ನಾಗಿ ಹುದುಗಿಸೋ ಯೀಸ್ಟ್ ಜಾತಿಗಳಲ್ಲಿ ಈ ಅಂಟು ಹೆಚ್ಚು ಸ್ಪಷ್ಟ. ಅಂದ್ರೆ ಮೆಲಟೋನಿನ್‌ಗೂ ಹುದುಗುವ ಸಾಮರ್ಥ್ಯಕ್ಕೂ ಏನೋ ನಂಟಿದೆ. ಯೀಸ್ಟ್‌ನಲ್ಲಿ ಮೆಲಟೋನಿನ್ ಕಾಣಿಸ್ಕೊಳ್ಳೋ ಸಮಯವೂ ಇದಕ್ಕೆ ಹೊಂದುತ್ತೆ, ಅದು ಒಂದೇ ಸಮನೆ ಇರಲ್ಲ, ಬೆಳವಣಿಗೆಯ ಕೆಲವು ಘಟ್ಟಗಳಲ್ಲಿ ಏರಿ ಮತ್ತೆ ಇಳಿದುಬಿಡುತ್ತೆ.

ನಮ್ಮ ದೇಹದಲ್ಲಿರೋ ಥರದ ಮೆಲಟೋನಿನ್ ಗ್ರಾಹಕಗಳು, ಅಂದ್ರೆ ಮೆಲಟೋನಿನ್ ಬಂದು ಕೂತಾಗ ಕೋಶಕ್ಕೆ ಸಂದೇಶ ಮುಟ್ಟಿಸೋ ಪ್ರೋಟೀನ್‌ಗಳು, ಎಂಟಿ1 ಎಂಟಿ2 ಅಂತಾರಲ್ಲ, ಅವು ಯೀಸ್ಟ್‌ನಲ್ಲಿಲ್ಲ. ಹಾಗಾಗಿ ಅಲ್ಲಿ ಇದನ್ನ ಹಾರ್ಮೋನ್ ಅಂತ ಕರೆಯೋದು ನನಗೆ ಸರಿ ಕಾಣಲ್ಲ.

ಪ್ರಶ್ನೆ: ಯೀಸ್ಟ್ ಕೂಡ ರಾತ್ರಿ ಹೊತ್ತೇ ಹೆಚ್ಚು ಮೆಲಟೋನಿನ್ ಮಾಡುತ್ತಾ?

ಹಾಗೆ ತೋರಿಸಿರೋ ಕೆಲಸ ನಾನು ನೋಡಿಲ್ಲ. ಏರಿಳಿತ ಇರೋದು ಬೆಳವಣಿಗೆಯ ಹಂತಕ್ಕೆ ತಕ್ಕ ಹಾಗೆ, ಗಡಿಯಾರಕ್ಕೆ ತಕ್ಕ ಹಾಗಲ್ಲ. ಬೆಳಕು ಯೀಸ್ಟ್‌ಗೆ ತಟ್ಟೋದೇ ಇಲ್ಲ ಅಂತಲ್ಲ, ಬೆಳಕು ಬಿದ್ರೆ ಅದರ ಪೆರಾಕ್ಸಿಸೋಮ್ (ಕೋಶದೊಳಗಿನ ಒಂದು ಪುಟ್ಟ ಚೀಲ) ಒಳಗಿರೋ ಒಂದು ಆಕ್ಸಿಡೇಸ್ ಕಿಣ್ವದಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ, ಅದನ್ನೇ ಸೂಚನೆಯಾಗಿ ತಗೊಂಡು ಕೋಶ ಎಚ್ಚೆತ್ಕೊಳ್ಳುತ್ತೆ. ಅದು ಬೇರೆ ಕಥೆ.

ಪ್ರಶ್ನೆ: ಒಂದು ಕಡೆ ವೈನ್‌ನಲ್ಲಿ ಮೆಲಟೋನಿನ್ ಬಹಳ ಇದೆ ಅಂತಾರೆ, ಇನ್ನೊಂದು ಕಡೆ ಇಲ್ವೇ ಇಲ್ಲ ಅನ್ನೋ ಥರ ಬರೀತಾರೆ. ಯಾವುದನ್ನ ನಂಬೋದು?

ಒಳ್ಳೇ ಪ್ರಶ್ನೆ, ಇದಕ್ಕೆ ಆ 232 ಮತ್ತೆ ಬೇಕು.

ಇಷ್ಟು ಸಣ್ಣ ಪ್ರಮಾಣ ಅಳೆಯೋಕೆ ಮೊದಲು ದ್ರಾವಣವನ್ನ ಒಂದು ಕಾಲಂ ಮೂಲಕ ಹಾಯಿಸಿ ವಸ್ತುಗಳನ್ನ ಬೇರ್ಪಡಿಸ್ತಾರೆ, ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಭಾರ ನೋಡ್ತಾರೆ. ವೈನ್ ಪರೀಕ್ಷೆ ಮಾಡಿದಾಗ 232 ಭಾರದ್ದೇ ಇನ್ನೊಂದು ವಸ್ತು ಕಾಣಿಸ್ತು, ಮೆಲಟೋನಿನ್ ಹೊರಬರೋ ಸಮಯಕ್ಕಿಂತ ಬೇರೆ ಸಮಯದಲ್ಲಿ, ಆದ್ರೆ ಭಾರ ಅಷ್ಟೇ. ಹಾಗಾಗಿ "ಮೆಲಟೋನಿನ್ ಐಸೋಮರ್", ಅಂದ್ರೆ ಅವೇ ಪರಮಾಣುಗಳ ಬೇರೆ ಜೋಡಣೆ, ಅಂತ ಹೆಸರಿಟ್ರು, ಅದು ಮೆಲಟೋನಿನ್‌ಗಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು, ಲೇಖನಗಳು ಬಂದವು, ಎಲ್ಲರೂ ಅದನ್ನ ಮೆಲಟೋನಿನ್‌ನ ಹತ್ತಿರದ ತಮ್ಮ ಅನ್ನೋ ಹಾಗೆ ನೋಡಿದ್ರು. 2014ರಲ್ಲಿ ಇಟಲಿಯ ಒಂದು ತಂಡ ಅದರ ಗುರುತು ಹಿಡೀತು. ಅದು ಟ್ರಿಪ್ಟೋಫಾನ್ ಈಥೈಲ್ ಎಸ್ಟರ್. ಲೆಕ್ಕ ಹಾಕಿ ನೋಡಿ: ಟ್ರಿಪ್ಟೋಫಾನ್ 204, ಅದರ ಜೊತೆ ವೈನ್‌ನಲ್ಲೇ ಇರೋ ಎಥನಾಲ್ ಕೂಡಿ ನೀರು ಬಿಟ್ಟು ಹೋದಾಗ 28 ಜಾಸ್ತಿ ಆಗುತ್ತೆ, 232. ಅಣುಸೂತ್ರದಲ್ಲಿ ಒಂದು ಪರಮಾಣುವೂ ಹೆಚ್ಚುಕಮ್ಮಿ ಇಲ್ಲ, ಆದ್ರೆ ಜೋಡಣೆ ಬೇರೆ, ಗುಣ ಬೇರೆ, ಮೆಲಟೋನಿನ್ ದಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಐದನೇ ಜಾಗದಲ್ಲಿ ಆಕ್ಸಿಜನ್ ಕೂಡ ಇಲ್ಲ.

ಇವೆರಡನ್ನ ಬೇರೆ ಮಾಡೋದು ಅಣು ಒಡೆದಾಗ ಬೀಳೋ ಚೂರುಗಳಿಂದ. ಉಪಕರಣದೊಳಗೆ ಒಂದು ಪ್ರೋಟಾನ್ ಸೇರಿ ಎರಡೂ 233 ಆಗುತ್ತವೆ, ಮೆಲಟೋನಿನ್ ಒಡೆದಾಗ 174ರ ಚೂರು ಜೋರಾಗಿ ಬರುತ್ತೆ, ಎಸ್ಟರ್‌ಗೆ ಅಮೋನಿಯ ಕಳಚಿ 216 ಆಗೋದು ಸುಲಭ. ಹಾಗಾಗಿ ಯಾವುದಾದ್ರೂ ವರದೀಲಿ ಹುದುಗಿದ ಪಾನೀಯದ ಮೆಲಟೋನಿನ್ ಅಂಕಿ ವಿಪರೀತ ದೊಡ್ಡದಿದ್ರೆ ಮೊದಲು ಅಳತೆ ವಿಧಾನ ನೋಡಿ. ಆಂಟಿಬಾಡಿ ಕಿಟ್‌ನಲ್ಲಿ ಮಾತ್ರ ಅಳೆದಿದ್ರೆ ಇನ್ನೂ ಎಚ್ಚರ ಬೇಕು, ರಚನೆ ಹೋಲೋ ಬೇರೆ ಇಂಡೋಲ್‌ಗಳಿಗೂ ಅವು ಅಂಟ್ಕೊಳ್ಳಬಹುದು.

ಇಷ್ಟು ಹೇಳಿದ್ಮೇಲೂ ವೈನ್, ಬಿಯರ್‌ನಲ್ಲಿ ನಿಜವಾದ ಮೆಲಟೋನಿನ್ ಇದೆ, ಯೀಸ್ಟ್ ಅದರಲ್ಲಿ ಪಾಲುದಾರ ಅನ್ನೋದು ಸುಳ್ಳಾಗಲ್ಲ. ಪ್ರಮಾಣ ಮಾತ್ರ ಬಹಳ ಸಣ್ಣದು.

ಪ್ರಶ್ನೆ: ಹಾಗಾದ್ರೆ ಒಂದು ಗ್ಲಾಸ್ ಬಿಯರ್ ಕುಡಿದ್ರೆ ನಿದ್ದೆ ಬರೋದು ಯೀಸ್ಟ್‌ನ ಮೆಲಟೋನಿನ್‌ನಿಂದಾನಾ? ಬ್ರೆಡ್ ತಿಂದ್ರೂ ಸಿಗುತ್ತಾ?

ಇಲ್ಲ. ಮಿಲಿಲೀಟರ್‌ಗೆ 1 ನ್ಯಾನೋಗ್ರಾಂ ಅಂತಿಟ್ಕೊಂಡ್ರೆ ಒಂದು ಲೀಟರ್‌ನಲ್ಲಿ 1 ಮೈಕ್ರೋಗ್ರಾಂ, ಮಾತ್ರೇಲಿರೋ 1 ಮಿಲಿಗ್ರಾಂ ಬರ್ಬೇಕಂದ್ರೆ 1000 ಲೀಟರ್ ಬೇಕು. ತೂಕಡಿಕೆ ತರೋದು ಆಲ್ಕೋಹಾಲ್, ಅದೇ ಆಲ್ಕೋಹಾಲ್ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಕೆಡಿಸುತ್ತೆ. ನಿದ್ದೆಗೋಸ್ಕರ ಕುಡಿಯೋದು ಖಂಡಿತ ಬೇಡ. ಬ್ರೆಡ್ ವಿಷಯದಲ್ಲೂ ಹೀಗೇ, ಹಿಟ್ಟಿನಲ್ಲಿ ಬೆರೆಯೋ ಯೀಸ್ಟ್ ಎಷ್ಟು ಅಂತ ನೋಡಿದ್ರೆ ಗೊತ್ತಾಗುತ್ತೆ. ನಿದ್ದೆ ಸಮಸ್ಯೆ ವಾರಗಟ್ಟಲೆ ಇದ್ರೆ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ಮೆಡಿಕಲ್ ಶಾಪಲ್ಲಿ ಸಿಗೋ ಮೆಲಟೋನಿನ್ ಮಾತ್ರೆ ಯೀಸ್ಟ್‌ನಿಂದ ತೆಗೆದದ್ದಾ? ಅಲ್ಲದಿದ್ರೆ ಹಾಗೆ ಮಾಡೋಕಾಗಲ್ವಾ?

ಹೆಚ್ಚಿನ ಮಾತ್ರೆಗಳಲ್ಲಿರೋದು ರಾಸಾಯನಿಕವಾಗಿ ತಯಾರಿಸಿದ್ದು. ಯೀಸ್ಟ್‌ನಿಂದ ಮಾಡೋ ಪ್ರಯತ್ನವೂ ಆಗಿದೆ. ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಕೆಲಸ ಇದು, ಯೀಸ್ಟ್‌ನ ಸ್ವಂತ ದಾರಿ ನೆಚ್ಕೊಳ್ಳದೆ ನಾಲ್ಕೂ ಹಂತದ ಕಿಣ್ವಗಳನ್ನ ಹೊರಗಿಂದ ತಂದ್ರು: ಆಕ್ಸಿಜನ್ ಸೇರಿಸೋದು ಒಂದು ಪರಾವಲಂಬಿ ಹುಳದ್ದು, ಕಾರ್ಬನ್ ಡೈಆಕ್ಸೈಡ್ ತೆಗೆಯೋದು ಬ್ಯಾಕ್ಟೀರಿಯಾದ್ದು, ಅಸಿಟೈಲ್ ಅಂಟಿಸೋದು ಹಸುವಿನದ್ದು, ಮಿಥೈಲ್ ಅಂಟಿಸೋದು ಮನುಷ್ಯನದ್ದು. ಜೊತೆಗೆ ಆ ಟೆಟ್ರಾಹೈಡ್ರೋಬಯೋಪ್ಟೆರಿನ್ ಸಹಾಯಕ ಅಣು ಮಾಡೋಕೂ ಪ್ರಾಣಿ ಜೀನ್‌ಗಳನ್ನ ಹಾಕ್ಬೇಕಾಯ್ತು. ಬರೀ ಗ್ಲೂಕೋಸ್ ತಿನ್ಕೊಂಡು ಆ ಯೀಸ್ಟ್ 76 ಗಂಟೇಲಿ ಲೀಟರ್‌ಗೆ ಸುಮಾರು 14.5 ಮಿಲಿಗ್ರಾಂ ಮೆಲಟೋನಿನ್ ಕೊಡ್ತು. ಸಹಜ ಯೀಸ್ಟ್‌ನ ಜೊತೆ ಹೋಲಿಸಿದ್ರೆ ಸಾವಿರಾರು ಪಟ್ಟು. ಕಾರ್ಖಾನೆ ಲೆಕ್ಕದಲ್ಲಿ ಇದು ಇನ್ನೂ ಚಿಕ್ಕ ಅಂಕಿ, ಆದ್ರೆ ಸಕ್ಕರೆಯಿಂದ ಶುರು ಮಾಡಿ ಕೊನೆ ತನಕ ಒಂದೇ ಕೋಶದೊಳಗೆ ಮಾಡಬಹುದು ಅನ್ನೋದು ಸಾಬೀತಾಯ್ತು.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ಟ್ರಿಪ್ಟೋಫಾನ್ ಕೊಟ್ಟಾಗ ಯೀಸ್ಟ್‌ನ ಮೆಲಟೋನಿನ್ ಹೆಚ್ಚಾಗುತ್ತಾ ಅಂತ ನೋಡ್ಬೇಕು ಅಂತಿದೀನಿ. ಯಾವುದರ ಬಗ್ಗೆ ಹುಷಾರಾಗಿರ್ಬೇಕು ಮೇಡಂ/ಸರ್?

ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರೋ ಮಾಧ್ಯಮ ಬಳಸ್ಬೇಡಿ, ಅದರಲ್ಲಿ ಟ್ರಿಪ್ಟೋಫಾನ್ ಆಗಲೇ ಇರುತ್ತೆ, ಇಂಡೋಲ್‌ಗಳೂ ಇರಬಹುದು, ನೀವು ಅಳೆಯೋದು ಯಾರದ್ದು ಅಂತಾನೇ ಗೊತ್ತಾಗಲ್ಲ. ಎಲ್ಲಾ ಘಟಕಗಳೂ ಗೊತ್ತಿರೋ ಸಿಂಥೆಟಿಕ್ ಮಾಧ್ಯಮ ತಗೊಳ್ಳಿ. ಲ್ಯಾಬ್ ಫ್ರೀಜರ್‌ನಲ್ಲಿರೋ ತಳಿಯ ಜೀನ್ ವಿವರ ಮೊದಲೇ ಓದಿ, ಬಹಳಷ್ಟು ಲ್ಯಾಬ್ ತಳಿಗಳಲ್ಲಿ ಟ್ರಿಪ್ಟೋಫಾನ್ ಮಾಡೋಕೆ ಬೇಕಾದ ಟಿಆರ್‌ಪಿ1 ಜೀನ್ ಕೆಟ್ಟಿರುತ್ತೆ, ಅವು ಟ್ರಿಪ್ಟೋಫಾನ್ ಇಲ್ಲದ ಫ್ಲಾಸ್ಕ್‌ನಲ್ಲಿ ಬೆಳೆಯೋದೇ ಇಲ್ಲ, ಆಗ ಹೋಲಿಸೋಕೇ ಏನೂ ಉಳಿಯಲ್ಲ.

ಕೋಶದ ಒಳಗಿಂದು, ಹೊರಗಿಂದು ಎರಡನ್ನೂ ಬೇರೆ ಬೇರೆ ಅಳೆಯಿರಿ, ಒಳಗಿಂದು ಅಳೆಯೋ ಮೊದಲು ಕೋಶಗಳನ್ನ ಚೆನ್ನಾಗಿ ತೊಳೀರಿ. ಒಂದೇ ಸಮಯದ ಒಂದೇ ಸ್ಯಾಂಪಲ್ ಸಾಲದು, ಬಂದು ಹೋಗೋ ವಸ್ತು ಇದು, ಮೊದಲ ದಿನವೇ ಕೆಲವು ಗಂಟೆಗೊಮ್ಮೆ ತೆಗೀಬೇಕು, ಅಂಕಿಗಳನ್ನ ಕೋಶಗಳ ಸಂಖ್ಯೆಗೆ ಭಾಗಿಸಿ ಹೋಲಿಸ್ಬೇಕು, ಇಲ್ಲದಿದ್ರೆ ಟ್ರಿಪ್ಟೋಫಾನ್‌ನಿಂದ ಬೆಳವಣಿಗೆ ಹೆಚ್ಚಾಗಿದ್ದನ್ನೇ ಮೆಲಟೋನಿನ್ ಹೆಚ್ಚಾಗಿದ್ದು ಅಂತ ಬರೆದುಬಿಡೋ ಅಪಾಯ ಇದೆ. ಮೆಲಟೋನಿನ್ ಬೆಳಕಿಗೆ ಹಾಳಾಗುತ್ತೆ, ಸ್ಯಾಂಪಲ್‌ಗಳಿಗೆ ಕಂದು ಬಣ್ಣದ ಸೀಸೆ ಇಲ್ಲಾ ಫಾಯಿಲ್ ಸುತ್ತಿದ ಟ್ಯೂಬ್ ಇರ್ಲಿ. ಯೀಸ್ಟ್ ಹಾಕದೇ ಇರೋ ಮಾಧ್ಯಮದ ಒಂದು ಫ್ಲಾಸ್ಕ್ ಕೊನೆ ತನಕ ಜೊತೇಲೇ ಇಟ್ಟು ಅದನ್ನೂ ಅಳೆಯಿರಿ. ನಿಮ್ಮ ವಿಭಾಗದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲದಿದ್ರೆ ಗೈಡ್ ಹತ್ರ ಮಾತಾಡಿ, ಕೊನೇ ಪಕ್ಷ ಕೆಲವು ಮುಖ್ಯ ಸ್ಯಾಂಪಲ್‌ಗಳನ್ನಾದ್ರೂ ಇರೋ ಕಡೆ ಕಳಿಸಿ 174ರ ಚೂರು ಬರುತ್ತಾ ಅಂತ ನೋಡ್ಸಿ, ನೀವು ಬೆಳೆಸೋ ಫ್ಲಾಸ್ಕ್‌ನಲ್ಲಿ ಟ್ರಿಪ್ಟೋಫಾನೂ ಇರುತ್ತೆ, ಯೀಸ್ಟ್ ಮಾಡೋ ಎಥನಾಲೂ ಇರುತ್ತೆ, ಹಾಗಾಗಿ ಆ ಎಸ್ಟರ್ ನಿಮ್ಮ ಸ್ಯಾಂಪಲ್‌ನಲ್ಲೂ ಬರೋ ಸಾಧ್ಯತೆ ಇದೆ.